ಬಾಣವಿಲ್ಲದ ಕೋಣೆ

ನಮ್ಮೂರಿಗೆ ಬಂದ ನೆಂಟರು ಚಪ್ಪಲಿ ಬಿಡುವ ಮೊದಲೇ ಕೇಳುವ ಪ್ರಶ್ನೆ ಒಂದಿದೆ: ಇಷ್ಟು ಸಣ್ಣ ಮನೆಗೆ ಇಷ್ಟೊಂದು ಬಾಗಿಲು ಯಾಕೆ? ಕೇಳಲಿ ಬಿಡಿ, ಅವರೂರಿನಲ್ಲಿ ಇಲ್ಲ, ಪಾಪ. ನಮ್ಮಲ್ಲಿ ಹಿತ್ತಿಲ ಗೋಡೆಯ ಬಾಗಿಲು ತೆಗೆದರೆ ಹಿತ್ತಿಲೇ ಸಿಗಬೇಕೆಂದಿಲ್ಲ. ಕೆರೆಯಾಚೆಗಿನ ಮಗಳ ಅಡಿಗೆಮನೆ ಸಿಗಬಹುದು. ಮಗಳು ಅಲ್ಲಿ ಒಗ್ಗರಣೆ ಹಾಕಿದರೆ ತಾಯಿ ಇಲ್ಲಿ ಸೀನುತ್ತಾಳೆ. ಕ್ಷೌರದಂಗಡಿಯ ಕನ್ನಡಿಯ ಪಕ್ಕದ ಬಾಗಿಲು ತೆಗೆದರೆ ಊರಿನ ವಾಚನಾಲಯ. ಅರ್ಧ ಗಡ್ಡ ಕೆರೆಸಿಕೊಂಡವರು ಅಲ್ಲಿ ಪೇಪರು ಓದುತ್ತ ಕೂತಿರುತ್ತಾರೆ. ಕೋಣೆ ಇರುವುದು ಒಂದೇ ಕಡೆ, ಅದಕ್ಕೆ ಹೋಗುವ ಬಾಗಿಲು ಎಲ್ಲಿ ಬೇಕಾದರೂ ಇರಬಹುದು. ಅಂಥ ಬಾಗಿಲಿಗೆ ನಾವು ಕೊಂಡಿ ಎನ್ನುತ್ತೇವೆ. ಕೊಂಡಿ ಹಾಕುವುದು, ಯಾವ ಕೊಂಡಿ ಎಲ್ಲಿಗೆ ಹೋಗುತ್ತದೆಂದು ನೋಡಿ ಹೇಳುವುದು ನನ್ನ ಕೆಲಸ. ನನ್ನ ಹೆಸರು ಕಸ್ತೂರಿ. ಊರವರಿಗೆ ಕೊಂಡಿ ಕಚೇರಿಯ ಕಸ್ತೂರಕ್ಕ.

ಕಚೇರಿ ಎಂದರೆ ಒಂದು ಮೇಜು, ಒಂದು ಕಪಾಟು, ಒಂದು ಕರಿ ಪರದೆ, ಅದರ ಮುಂದೆ ಅಕ್ಷರ ಸವೆದ ಕೀಲಿಮಣೆ. ಚಿತ್ರ ಗಿತ್ರ ಏನೂ ಇಲ್ಲ. ಕಪ್ಪಿನಲ್ಲಿ ಒಂದು ಸಣ್ಣ ಗೆರೆ ಕಣ್ಣು ಮಿಟುಕಿಸುತ್ತಿರುತ್ತದೆ, ನಾವು ಬರೆದದ್ದನ್ನು ಅದು ಮಾಡುತ್ತದೆ. ಎಲ್ ಎನ್, ಅಡ್ಡಗೆರೆ, ಎಸ್ ಎಂದು ಒತ್ತಿ, ಮೊದಲು ಮೂಲ ಕೋಣೆಯ ವಿಳಾಸ, ಆಮೇಲೆ ಹೊಸ ಬಾಗಿಲಿನ ಹೆಸರು ಬರೆದರೆ ಕೊಂಡಿ ಬಿತ್ತು. ಮೂಲ ಮೊದಲು, ಹೆಸರು ಆಮೇಲೆ. ಎಷ್ಟು ಸಲ ಹೇಳಿದರೂ ಜನ ಬಂದು ಬಾಗಿಲಿಗೆ ಏನು ಹೆಸರಿಡಬೇಕೆಂದು ಅರ್ಧ ಗಂಟೆ ಜಗಳಾಡುತ್ತಾರೆ. ಯಾವ ಕೋಣೆಗೆ ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರು ಎಲ್ಲ ಊರಿನಲ್ಲೂ ಇದ್ದಾರೆ, ಆದರೆ ಅವರು ಸಾಲುಗಟ್ಟಿ ಬರುವುದು ಮಾತ್ರ ನನ್ನ ಕಚೇರಿಗೆ.

ಯಾವ ಮನೆಯ ಹೆಸರು ಹೇಳಿದರೂ ಪರದೆ ಅಲ್ಲಿನ ಕೋಣೆಗಳನ್ನೆಲ್ಲ ತೋರಿಸುತ್ತದೆ. ನಿಜವಾದ ಕೋಣೆಯಾದರೆ ಹೆಸರಷ್ಟೇ ಇರುತ್ತದೆ. ಕೊಂಡಿಯಾದರೆ ಹೆಸರಿನ ಮುಂದೆ ಒಂದು ಬಾಣ, ಬಾಣದ ತುದಿಗೆ ಅದು ಹೋಗುವ ವಿಳಾಸ. ಹೋಗಬೇಕಾದ ಕೋಣೆಯೇ ಇಲ್ಲವಾಗಿದ್ದರೆ ಹೆಸರು ಕೆಂಪಾಗಿ ಕಾಣುತ್ತದೆ. ಇನ್ನೊಂದು ವಿಷಯ. ಹೇಳಿದ ಕೆಲಸ ಆಯಿತೆಂದರೆ ಈ ಯಂತ್ರ ತುಟಿ ಬಿಚ್ಚುವುದಿಲ್ಲ. ತಪ್ಪಾದರೆ ಮಾತ್ರ ಮಾತು. ಹೊಸಬರು ಇದರಿಂದ ಗಾಬರಿಯಾಗುತ್ತಾರೆ, ಆಯಿತೋ ಇಲ್ಲವೋ ಎಂದು ನನ್ನ ಮುಖ ನೋಡುತ್ತಾರೆ. ಇಂದ್ರವ್ವ ಒಬ್ಬಳೇ ಅದನ್ನು ಮೊದಲ ದಿನವೇ ಮೆಚ್ಚಿದ್ದು.

“ಥೇಟ್ ನನ್ನಂಗ ಐತಿ ನೋಡ ಕಸ್ತೂರಿ,” ಅಂದಿದ್ದಳು. “ಕೆಲಸ ಕೆಟ್ರ ಅಷ್ಟ ಸದ್ದು ಮಾಡ್ತೈತಿ.”

ಇಂದ್ರವ್ವ ಕೌದಿ ಹೊಲಿಯುವವಳು. ಹಳೆ ಸೀರೆ, ಹರಿದ ಅಂಗಿ, ಕೂಸಿನ ಕುಬುಸ, ಎಲ್ಲವನ್ನೂ ತುಂಡು ಮಾಡಿ ಪದರ ಪದರವಾಗಿ ಇಟ್ಟು ಹೊಲಿಯುವ ಹೊದಿಕೆ ಅದು. ಒಬ್ಬರಿಂದ ಆಗುವ ಕೆಲಸವಲ್ಲ. ನಾಲ್ಕೂ ಅಂಚಿಗೆ ಹೆಂಗಸರು ಕೂತು, ಅಂಚಿನಿಂದ ಹೊಲಿಯುತ್ತ ನಡುವಿಗೆ ಬರಬೇಕು. ಇದಕ್ಕೆಂದೇ ಅವಳ ತವರಿನಲ್ಲಿ, ಅಣ್ಣ ಗುರುಶಾಂತನ ಮನೆಯಲ್ಲಿ, ಒಂದು ಅಗಲವಾದ ಕೋಣೆ ಇತ್ತು. ಹೊಲಿಯಲು ಬರುವ ಹೆಂಗಸರ ಮನೆಗಳಿಂದೆಲ್ಲ ಅಲ್ಲಿಗೆ ನಾನೇ ಕೊಂಡಿ ಹಾಕಿಕೊಟ್ಟಿದ್ದೆ. ಗಂಡ ಅಡಿವೆಪ್ಪಣ್ಣನ ಮನೆಯಲ್ಲೂ ಒಂದು. ನನ್ನ ಕಚೇರಿಯ ಕಪಾಟಿನ ಪಕ್ಕದಲ್ಲೂ ಒಂದು, ಸಾಹೇಬರಿಗೆ ಅದು ದಾಸ್ತಾನು ಕೋಣೆ ಎಂದು ಹೇಳಿದ್ದೆ.

ಕೆಲವು ವರ್ಷದ ಹಿಂದೆ ಕೆರೆಯ ನೀರು ಗುರುಶಾಂತನ ಮನೆಯ ಗೋಡೆಗೆ ಇಳಿದು, ಮಡಿಸಿಟ್ಟ ಕೌದಿಗಳಿಗೆ ಬೂಸ್ಟು ಹಿಡಿಯತೊಡಗಿತು. ಆಗ ಅಣ್ಣ ತಂಗಿ ಇಬ್ಬರೂ ಕಚೇರಿಗೆ ಬಂದರು. ಕೋಣೆಯನ್ನು ಹಾಗೆಯೇ ಎತ್ತಿ ಅಡಿವೆಪ್ಪಣ್ಣನ ಮನೆಗೆ ಸರಿಸಿದೆವು. ಗುರುಶಾಂತನ ಮನೆಯಲ್ಲಿ ಅದು ಇದ್ದ ಜಾಗದಲ್ಲಿ, ಅದೇ ಹೆಸರಿನ ಒಂದು ಕೊಂಡಿ ಬಿಟ್ಟೆವು. ಹಾಗೆ ಮಾಡಿದರೆ ಉಳಿದ ಹೆಂಗಸರ ಬಾಗಿಲು ಮುಟ್ಟಬೇಕಾಗಿಲ್ಲ. ಬಾಗಿಲುಗಳು ಗುರುಶಾಂತನ ಮನೆಗೆ ಹೋಗುತ್ತವೆ, ಅಲ್ಲಿನ ಕೊಂಡಿ ಅಡಿವೆಪ್ಪಣ್ಣನ ಮನೆಗೆ ದಾಟಿಸುತ್ತದೆ. ದಾಟುವವರಿಗೆ ಗೊತ್ತೂ ಆಗುವುದಿಲ್ಲ. ಅಡಿವೆಪ್ಪಣ್ಣ ಆಗ ಬಸ್ಸು ಓಡಿಸುತ್ತಿದ್ದರು, ಊರಿನಲ್ಲಿ ಇರುತ್ತಿದ್ದುದೇ ಕಡಿಮೆ. ಅವರ ಮನೆಯ ಬಾಗಿಲು ಅದೇ, ತೆಗೆದರೆ ಕೋಣೆ ಅದೇ. ಅವರಿಗೆ ಹೇಳುವುದಕ್ಕೆ ಏನಿದೆ ಎಂದು ಇಂದ್ರವ್ವ ನಕ್ಕುಬಿಟ್ಟಳು.

ಆ ಕೋಣೆಯ ಸಂಜೆಗಳನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ. ಬಾಗಿಲುಗಳು ಒಂದೊಂದಾಗಿ ತೆರೆದುಕೊಳ್ಳುತ್ತಿದ್ದವು. ಒಬ್ಬಳು ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಬರುವಳು, ಒಬ್ಬಳು ಅತ್ತೆಯನ್ನು ಬಯ್ಯುತ್ತ ಬರುವಳು. ಎಲ್ಲರಿಗಿಂತ ಮೊದಲು ಬರುತ್ತಿದ್ದವಳು ಜೈನಬಿ. ಸಣ್ಣವಳಿದ್ದಾಗಲೇ ಜ್ವರ ಬಂದು ಅವಳ ಎರಡೂ ಕಾಲು ಸೋತಿದ್ದವು. ಅವಳಿರುವುದು ಮೇಲುಗೇರಿಯ ಒಂದು ಮಾಳಿಗೆಯ ಮೇಲೆ, ಕೋಳಿಯೂ ಹತ್ತಲು ಯೋಚಿಸುವಂಥ ಏಣಿಮೆಟ್ಟಿಲಿನ ತುದಿಯಲ್ಲಿ. ಅಣ್ಣ ಮೌಲಾಸಾಬ ಬೆಳಗಾದರೆ ಸೈಕಲ್ಲಿಗೆ ಸಾಣೆ ಕಟ್ಟಿಕೊಂಡು ಚೂರಿ ಕತ್ತರಿ ಮಸೆಯಲು ಹೊರಡುತ್ತಾನೆ. ಜೈನಬಿಗೆ ಇಡೀ ಜಗತ್ತು ಎಂದರೆ ಆ ಕೊಂಡಿಯ ಬಾಗಿಲು. ಅಂಗೈ ಊರಿ ಸರಿಯುತ್ತ ಹೊಸ್ತಿಲು ದಾಟಿ ಬಂದು, ಮೂಡಣ ಅಂಚು ಹಿಡಿದು ಕೂತರೆ ನಾಲಿಗೆ ಶುರು. ಊರಿನ ಯಾವ ಮದುವೆಗೂ ಹೋಗದವಳು ಎಲ್ಲ ಮದುವೆಯ ಅಡಿಗೆಗೂ ಹೆಸರಿಡುತ್ತಿದ್ದಳು.

ಇಂದ್ರವ್ವ ಮಾತ್ರ ಮಾತಾಡುತ್ತಿರಲಿಲ್ಲ. ಹೊಲಿಯುವಾಗ ದಾರದ ತುದಿ ಅವಳ ತುಟಿಯ ನಡುವೆ ಇರುತ್ತಿತ್ತು. ಯಾರಾದರೂ ಹೊಲಿಗೆ ಉದ್ದ ಹಾಕಿದರೆ, ಪದರ ತಪ್ಪಿಸಿದರೆ, ಪಕ್ಕದ ಕತ್ತರಿ ಎತ್ತಿ ನೆಲಕ್ಕೆ ಎರಡು ಸಲ ಬಡಿಯುವಳು. ಟಕ್, ಟಕ್. ಎಲ್ಲರ ಕೈ ನಿಲ್ಲುತ್ತಿತ್ತು. ಅಡಿವೆಪ್ಪಣ್ಣ ನಿವೃತ್ತರಾಗಿ ಮನೆಯಲ್ಲಿ ಕೂತ ಮೇಲೆ, ಆ ಸದ್ದಿಗೆ ಹೊರಗಿನ ಹಗ್ಗದ ಹೊರಸಿನ ಮೇಲಿಂದ ಅವರ ದನಿ ಬರುತ್ತಿತ್ತು: “ಯಾರದು ತಪ್ಪು?”

“ಕಸ್ತೂರಿದು!” ಎಂದು ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು. ಸುಳ್ಳಲ್ಲ. ಹತ್ತು ಸಲಕ್ಕೆ ಎಂಟು ಸಲ ನನ್ನದೇ. ನನಗೆ ಕೀಲಿಮಣೆ ಒಲಿದಿದೆ, ಸೂಜಿ ಒಲಿಯಲಿಲ್ಲ. ಗಂಡ ಹೆಂಡತಿ ದಿನಕ್ಕೆ ಎಷ್ಟು ಮಾತಾಡುತ್ತಿದ್ದರೋ ನನಗೆ ತಿಳಿಯದು, ಆದರೆ ಆ ಟಕ್ ಟಕ್ ಮತ್ತು ಆ ಪ್ರಶ್ನೆ ಅವರಿಬ್ಬರ ಆಟವಾಗಿತ್ತು. ಅಡಿವೆಪ್ಪಣ್ಣ ಎಂದೂ ಒಳಗೆ ಬರಲಿಲ್ಲ. ಅದು ಹೆಂಗಸರ ಕೋಣೆ ಎಂದು ಸಂಕೋಚ.

ಕಳೆದ ಶ್ರಾವಣದಲ್ಲಿ ಇಂದ್ರವ್ವ ತೀರಿಕೊಂಡಳು. ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲ. ಕೋಣೆಯ ನಡುವೆ ಅರ್ಧ ಮುಗಿದ ಕೌದಿಯೊಂದು ಹರವಿಕೊಂಡೇ ಇತ್ತು. ತಿಂಗಳು ಕಳೆದ ಮೇಲೆ ನಾವು ಒಬ್ಬೊಬ್ಬರಾಗಿ ಮತ್ತೆ ಹೋಗಿ ಕೂತೆವು. ಏನು ಮಾಡುವುದು, ಕೈಗೆ ಕೆಲಸ ಬೇಕು, ಬಾಯಿಗೆ ಮಾತು ಬೇಕು. ಕತ್ತರಿ ಮಾತ್ರ ಯಾರೂ ಬಡಿಯಲಿಲ್ಲ. ಮೊದಲ ದಿನವೇ ಜೈನಬಿ ಅದನ್ನು ಎತ್ತಿಕೊಂಡು ಸೆರಗಿನಲ್ಲಿ ಸುತ್ತಿದಳು. ಮಸೆಯಲು ಅಣ್ಣನಿಗೆ ಕೊಡುತ್ತೇನೆಂದಳು. ಹೊರಸಿನ ಮೇಲೆ ಕೂತಿದ್ದವರ ಜೀವಕ್ಕೆ ಆ ಸದ್ದು ಬೇಡ ಎಂಬುದು ನಮ್ಮೆಲ್ಲರ ಮನಸ್ಸಿನಲ್ಲಿತ್ತು. ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಹೋಳಿ ಹಬ್ಬಕ್ಕೆ ಕೆಲವೇ ದಿನ ಇರುವಾಗ ನಾನು ಅಕ್ಕನ ಮಗಳ ಕುಬಸಕ್ಕೆಂದು ಪಕ್ಕದೂರಿಗೆ ಹೋದೆ. ಬಸುರಿಗೆ ಹಸಿರು ಸೀರೆ ಉಡಿಸಿ, ಹೋಳಿಗೆ ಉಂಡು ಮರುದಿನ ಕಚೇರಿಗೆ ಬಂದವಳು ಅಭ್ಯಾಸದಂತೆ ಕಪಾಟಿನ ಪಕ್ಕದ ಬಾಗಿಲು ತೆಗೆದೆ. ಕೋಣೆ ಇರಲಿಲ್ಲ. ಕತ್ತಲೆಯೂ ಅಲ್ಲ, ಬೆಳಕೂ ಅಲ್ಲ, ಅಕ್ಷರ ಅಳಿಸಿ ತೊಳೆದಿಟ್ಟ ಪಾಟಿಯ ಬಣ್ಣ, ಅಷ್ಟೆ. ಬಳಸದ ಒಲೆಯಿಂದ ಬರುವಂಥ ತಣ್ಣನೆಯ ವಾಸನೆ. ಬಾಗಿಲು ಹಾಕಿ ಪರದೆಯ ಮುಂದೆ ಕೂತೆ. ನನ್ನ ಬಾಗಿಲಿನ ಹೆಸರು ಕೆಂಪಗಿತ್ತು. ಜೈನಬಿಯದು ಕೆಂಪು. ಎಲ್ಲ ಹೆಂಗಸರದೂ ಕೆಂಪು. ಬಾಣ ಹಿಡಿದು ಗುರುಶಾಂತನ ಮನೆಗೆ ಹೋದೆ, ಅಲ್ಲಿನ ಕೊಂಡಿಯೂ ಕೆಂಪು. ಅದರ ಬಾಣ ಹಿಡಿದು ಅಡಿವೆಪ್ಪಣ್ಣನ ಮನೆಗೆ ಹೋದೆ. ಅಡಿಗೆಮನೆ, ಪಡಸಾಲೆ, ಬಚ್ಚಲು. ಇಂದ್ರವ್ವನ ಕೋಣೆ ಎಂಬ ಹೆಸರೇ ಪಟ್ಟಿಯಲ್ಲಿರಲಿಲ್ಲ.

ಓಡಿದೆ. ಅಡಿವೆಪ್ಪಣ್ಣ ಬಾಗಿಲಲ್ಲೇ ಇದ್ದರು, ಮುಖದಲ್ಲಿ ಎಂಥದೋ ಹಗುರ. “ಬರ್ರಿ ಅಕ್ಕಾರ, ಕುಂದರ್ರಿ, ಚಾ ಇಡ್ತೀನಿ,” ಎಂದು ಒಲೆ ಹೊತ್ತಿಸಿದರು. ನಾನು ಕೇಳುವ ಮೊದಲೇ ಅವರೇ ಹೇಳಿದರು. “ನಿನ್ನೆ ನಿಮ್ಮ ಕಚೇರಿಗೆ ಬಂದಿದ್ದೆ. ನೀವು ಇರಲಿಲ್ಲ. ಜಗಲಿ ಮ್ಯಾಲಿನ ಯಂತ್ರದಾಗ ನಾನಾ ನನ್ನ ಬಾಗಿಲಾ ತಗದೆ.”

ತನ್ನ ಮನೆಯೊಳಗಿನದನ್ನು ಮಾಡಿಕೊಳ್ಳುವ, ತೆಗೆದುಹಾಕುವ ಹಕ್ಕು ಮನೆಯವರದು; ಅದಕ್ಕೆಂದೇ ಜಗಲಿಯ ಮೇಲೆ ಒಂದು ಯಂತ್ರ ಇಟ್ಟಿದ್ದೇವೆ. “ಯಾಕ ತಗದ್ರಿ?” ಅಂದೆ.

“ಸಂಜಿ ಆತಂದ್ರ ಒಳಗಿಂದ ನಿಮ್ಮ ದನಿ ಬರ್ತಿತ್ತು. ಎಲ್ಲಾರದೂ ಬರ್ತಿತ್ತು, ಆಕೀದೊಂದು ಬಿಟ್ಟು. ಎಷ್ಟಂತ ಕೇಳ್ಲಿ ಹೇಳ್ರಿ? ನನಗ ಆ ಬಾಗಿಲಾ ಬ್ಯಾಡಾತು. ನಿಮಗೇನ, ನಿಮ್ಮ ನಿಮ್ಮ ಮನ್ಯಾಗ ಐತಲ್ಲ.”

“ಅಡಿವೆಪ್ಪಣ್ಣ, ನೀವು ತಗದಿದ್ದು ಬಾಗಿಲಾ ಅಲ್ಲರಿ. ಕೋಣಿ.”

“ಕೋಣಿ ಗುರುಶಾಂತನ ಮನ್ಯಾಗ ಐತಿ. ನೋಡೇ ತಗದೀನಿ. ಜೈನಬಿ ಬಾಗಿಲಾ ಎಲ್ಲಿಗೆ ಹೋಗ್ತೈತಿ ಅಂತ ಯಂತ್ರಕ್ಕ ಕೇಳಿದೆ. ಬಾಣ ಗುರುಶಾಂತನ ಮನೀ ತೋರಿಸ್ತು.”

ಅಲ್ಲಿಂದ ಇನ್ನೊಂದು ಬಾಣ ಇದೆಯೇ ಎಂದು ಅವರು ನೋಡಿರಲಿಲ್ಲ. ಯಾರು ನೋಡುತ್ತಾರೆ? ಒಂದು ಬಾಣ ಕಂಡರೆ ಸಾಕು, ಎಲ್ಲರೂ ಊರು ಸೇರಿದೆವು ಎಂದುಕೊಳ್ಳುತ್ತಾರೆ. “ತಗಿ ಅಂದಾಗ ಯಂತ್ರ ಏನೂ ಅನ್ಲಿಲ್ಲೇನ್ರಿ?” ಎಂದು ಕೇಳಿದೆ.

“ಅಂತು. ಇದು ಕೋಣಿ, ಹಿಂಗ ತಗ್ಯಾಕ ಬರೂದಿಲ್ಲ ಅಂತು. ಹೌದಪಾ, ಕೋಣೀನ, ನನಗೂ ಗೊತ್ತೈತಿ ಅಂದೆ. ಬಾಜೂಕ ಕುಂತಾಂವ ಒಬ್ಬ, ಹಠಾ ಮಾಡಿದ್ರ ಆರ್ ಎಫ್ ಅಂತ ಹಚ್ಚ್ರಿ, ಸುಮ್ಮನಾಗ್ತೈತಿ ಅಂದ. ಹಚ್ಚಿದೆ. ಸುಮ್ಮನಾತು.”

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಾನು ಮೆಲ್ಲಗೆ, ಮೊದಲಿನಿಂದ ಹೇಳಿದೆ. ಗೋಡೆಯ ನೀರು, ಬೂಸ್ಟು, ಕೋಣೆ ಸರಿಸಿದ್ದು, ಇಂದ್ರವ್ವ ನಕ್ಕದ್ದು. ಒಲೆಯ ಮೇಲಿನ ಚಹಾ ಉಕ್ಕಿ ಬೆಂಕಿ ಆರಿತು, ಇಬ್ಬರೂ ಏಳಲಿಲ್ಲ. ಕೊನೆಗೆ ಅವರು ಕೇಳಿದ್ದು ಒಂದೇ. “ಒಳಗ ಏನಿತ್ತು?”

“ಆಕಿ ಹಿಡಿದಿದ್ದ ಕೌದಿ ಇತ್ತು. ಅರ್ಧ ಆಗಿತ್ತು.”

ಅವರು ಎದ್ದು ಹೋಗಿ, ಬಾಗಿಲಿದ್ದ ಕಡೆಯ ಗೋಡೆಯನ್ನು ಅಂಗೈಯಿಂದ ಸವರಿದರು. ಅಲ್ಲಿ ಗೋಡೆ ಬಿಟ್ಟರೆ ಏನೂ ಇರಲಿಲ್ಲ. ಅಷ್ಟು ದೊಡ್ಡ ಮೈಯ ಮನುಷ್ಯ, ಘಟ್ಟದಲ್ಲಿ ಬಸ್ಸು ತಿರುಗಿಸಿದವರು, ಗೋಡೆಗೆ ಹಣೆ ಇಟ್ಟು ನಿಂತುಬಿಟ್ಟರು. ನಾನು ಎದ್ದು, ಉಕ್ಕಿದ ಚಹಾ ಒರೆಸಿದೆ.

ಬೇರೆ ದಿನಗಳಾಗಿದ್ದರೆ ನಾನು ಹೇಗೋ ಎಲ್ಲ ಬಾಗಿಲನ್ನೂ ಬೇರೆ ಕೋಣೆಗೆ ಕಟ್ಟಿಕೊಡುತ್ತಿದ್ದೆ. ಆದರೆ ಊರಿನಲ್ಲಿ ಗೋಡೆಗಿಂತ ಬಾಗಿಲು ಹೆಚ್ಚಾಯಿತೆಂದು ಪುರಸಭೆಯವರು ಹೊಸ ಕೊಂಡಿಗಳನ್ನು ಬಂದ್ ಮಾಡಿದ್ದರು. ಇದ್ದದ್ದನ್ನು ಉಳಿಸಿಕೊಳ್ಳಬೇಕು, ಹೋದರೆ ಹೋಯಿತು. ಮೇಲಾಗಿ ಹೋಳಿ ಹಬ್ಬಕ್ಕೆ ಮುಂಚೆ ಕೆಂಪಾದ ಬಾಗಿಲುಗಳನ್ನೆಲ್ಲ ಕಿತ್ತು, ಕಟ್ಟಿಗೆಯನ್ನು ಕಾಮಣ್ಣನ ಬೆಂಕಿಗೆ ಹಾಕುವುದು ನಮ್ಮೂರ ವಾಡಿಕೆ. ಪುರಸಭೆಯ ಗಾಡಿ ಆಗಲೇ ಕೆಳಗೇರಿಯಲ್ಲಿ ಗಡಗಡ ಎನ್ನುತ್ತಿತ್ತು. ಅದು ಮೇಲುಗೇರಿಗೆ ಬಂದರೆ ಜೈನಬಿಯ ಬಾಗಿಲು ಹೋಗುತ್ತದೆ, ಮತ್ತೆ ಎಂದೂ ಬರುವುದಿಲ್ಲ.

ದಾರಿ ಇತ್ತು. “ಅಡಿವೆಪ್ಪಣ್ಣ, ಬಾಗಿಲಕ್ಕ ಕೋಣಿ ಗುರ್ತ ಇರೂದಿಲ್ಲ,” ಅಂದೆ. “ಹೆಸರು, ಜಾಗ ಅಷ್ಟ ಗುರ್ತ. ಅದ ಜಾಗದಾಗ ಅದ ಹೆಸರಿನ ಕೋಣಿ ಒಂದು ಮಾಡ್ರಿ. ಎಲ್ಲಾ ಬಾಗಿಲಾನೂ ತಾವ ತೆರಕೋತಾವು. ಮನಿ ನಿಮ್ದು, ನೀವ ಮಾಡಬೇಕು. ನನಗ ಆ ಹಕ್ಕಿಲ್ಲ.”

“ಖಾಲಿ ಕೋಣಿಗೆ ಆಕಿ ಹೆಸರು ಇಡು ಅಂತೀರಿ.” ಅವರು ತಿರುಗಲೇ ಇಲ್ಲ. “ಇದ್ದದ್ದನ್ನ ಈ ಕೈಲೆ ಕಳದು, ಇದ ಕೈಲೆ ಬರೇ ಹೆಸರು ಬರೀಲಿ? ಬ್ಯಾಡ ಅಕ್ಕಾರ. ಆ ಹೆಣಮಕ್ಕಳಿಗೆ ಯಾವ ಮಾರಿ ತೋರಿಸ್ಲಿ? ನೀವು ಹೋಗ್ರಿ.”

ಮರುದಿನ ಹೋದೆ, ಕದ ತೆಗೆಯಲಿಲ್ಲ. ಅದರ ಮರುದಿನವೂ ಇಲ್ಲ. ಕಚೇರಿಯಲ್ಲಿ ಕೂತು ಆ ಕೆಂಪು ಹೆಸರುಗಳನ್ನು ನೋಡುವಾಗ ನನಗೆ ಅಡಿವೆಪ್ಪಣ್ಣನ ಮೇಲೆ ಸಿಟ್ಟೂ ಬರುತ್ತಿತ್ತು, ಕನಿಕರವೂ ಬರುತ್ತಿತ್ತು. ಕೊನೆಗೆ ಜೈನಬಿಯ ಮಾಳಿಗೆ ಹತ್ತಿದೆ. ಅವಳು ಬಾಗಿಲು ತೆರೆದಿಟ್ಟುಕೊಂಡು, ಆ ಪಾಟಿಯ ಬಣ್ಣದ ಮುಂದೆ ಕೂತು ಅಕ್ಕಿ ಆರಿಸುತ್ತಿದ್ದಳು, ಆ ಕಡೆಯಿಂದ ಯಾರೋ ಬರುವವರಿದ್ದಾರೆ ಎಂಬಂತೆ. ನಾನು ನಡೆದದ್ದನ್ನೆಲ್ಲ ಹೇಳಿದೆ. ಗಾಡಿ ಇವತ್ತೇ ಇತ್ತ ಬರುತ್ತದೆಂದೂ ಹೇಳಿದೆ.

“ನನ್ನ ಬಾಗಿಲದ್ದು ಇರಲಿ,” ಅಂದಳು. “ಅಡಿವೆಪ್ಪಣ್ಣ ಏನಂದ? ಆಕೀ ದನಿ ಬರೂದಿಲ್ಲ ಅಂದನ?”

“ಎಲ್ಲಾರದೂ ಬರ್ತಿತ್ತು, ಆಕೀದೊಂದು ಬಿಟ್ಟು ಅಂದ್ರು.”

ಜೈನಬಿ ಅಕ್ಕಿಯ ಮೊರ ಕೆಳಗಿಟ್ಟಳು. ಆಮೇಲೆ ಕಣ್ಣಲ್ಲಿ ನೀರು ತಂದುಕೊಂಡು, “ಎಂಥಾ ಹುಚ್ಚಿಗೋಳು ನಾವು ಕಸ್ತೂರಿ,” ಅಂದಳು. “ಮೌಲಾಣ್ಣಗ ಹೇಳು. ಯಾರದರ ಕೈಗಾಡಿ ತರಲಿ. ನಾ ಇಳೀತೀನಿ.”

ಬೇಡವೆಂದರೆ ಕೇಳುವ ಹೆಂಗಸಲ್ಲ. ಮೌಲಾಸಾಬ ಹೊರುತ್ತೇನೆಂದರೆ, ಏಣಿ ಇಬ್ಬರನ್ನೂ ತಡೆಯುವುದಿಲ್ಲ ಎಂದು ಅವನನ್ನೇ ಗದರಿಸಿದಳು. ಕೂತುಕೊಂಡೇ, ಒಂದೊಂದು ಮೆಟ್ಟಿಲಿಗೂ ಅಂಗೈ ಊರಿ ಮೈ ಇಳಿಸುತ್ತ, ಕೆಳಗೆ ಬಂದಳು. ನಾನು ಮುಂದೆ, ಅವಳ ಅಣ್ಣ ಹಿಂದೆ. ಕೆಳಗೆ ಮುಟ್ಟಿದಾಗ ಅವಳ ಅಂಗೈ ಸುಲಿದು ಕೆಂಪಾಗಿತ್ತು. “ಇನ್ನೊಮ್ಮಿ ಇಳಿಯೂದಾದ್ರ ನಾಕ ಮಂದಿ ಹೊತ್ತ ಇಳಸ್ಬೇಕು ನನ್ನ,” ಎಂದು ನಕ್ಕಳು. ಮೌಲಾಸಾಬ ಮುಖ ಆಚೆ ತಿರುಗಿಸಿ ಗಾಡಿಯ ಹಿಡಿಕೆ ಹಿಡಿದ.

ಅಡಿವೆಪ್ಪಣ್ಣನ ಕದದ ಮುಂದೆ ಕೈಗಾಡಿ ನಿಂತಾಗ ಅವಳು ಕೂಗಲಿಲ್ಲ, ಬಡಿಯಲೂ ಇಲ್ಲ. ಗಾಡಿಯಿಂದ ಕಟ್ಟೆಯ ಮೇಲೆ ಸರಿದು ಕೂತು, ಸೆರಗಿನ ಗಂಟು ಬಿಚ್ಚಿ, ಕತ್ತರಿ ತೆಗೆದಳು. ಆ ಕಲ್ಲಿನ ಮೇಲೆ ಎರಡು ಸಲ ಬಡಿದಳು. ಟಕ್, ಟಕ್.

ಒಳಗೆ ಏನೋ ಪಾತ್ರೆ ಬಿತ್ತು. ಕದ ತೆರೆಯಿತು. ಅಡಿವೆಪ್ಪಣ್ಣ ಹೊಸ್ತಿಲಲ್ಲಿ ನಿಂತು, ಮೊದಲು ಕತ್ತರಿ ನೋಡಿದರು, ಆಮೇಲೆ ಜೈನಬಿಯನ್ನು, ಆಮೇಲೆ ಅವಳ ಅಂಗೈಯನ್ನು.

“ಅಣ್ಣಾ,” ಅಂದಳು ಜೈನಬಿ, “ಆಕೀ ದನಿ ಆ ಕೋಣ್ಯಾಗ ಯಾವತ್ತರ ಬಂದಿತ್ತೇನು? ನೆನಪ ಮಾಡ್ಕೋ. ಆಕಿ ಬಾಯಾಗ ದಾರ ಇರ್ತಿತ್ತು. ಆಕಿ ಮಾತಾಡ್ತಿದ್ದಿದ್ದು ಇದರಲೆ. ನೀ ನೊಂದ್ಕೋತಿ ಅಂತ ನಾವ ಇದನ್ನ ಬಡಿಯೂದು ಬಿಟ್ವಿ. ತಗೊಂಡು ಹೋಗಿ ಮುಚ್ಚಿಟ್ಟಾಕಿ ನಾ.”

“ನಾ ಅದನ್ನ ಕಾಯ್ತಿದ್ದೆ ತಂಗಿ,” ಅಂದರು ಅಡಿವೆಪ್ಪಣ್ಣ. “ದಿನಾ ಸಂಜಿ ಅದನ್ನ ಕಾಯ್ತಿದ್ದೆ. ಯಾರರ ಒಬ್ಬರು ಬಡೀತಾರೇನೋ ಅಂತ. ನನಗೂ ಕೇಳಾಕ ಆಗ್ಲಿಲ್ಲ, ಬಡೀರಿ ಅಂತ ಹೆಂಗ ಕೇಳ್ಲಿ?”

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಅವರಿಗೆ ನೋವಾದೀತೆಂದು ನಾವು ಸುಮ್ಮನಿದ್ದೆವು, ನಮಗೆ ನೋವಾದೀತೆಂದು ಅವರು ಸುಮ್ಮನಿದ್ದರು. ನಡುವೆ ಒಂದು ಕೋಣೆಯೇ ಹೋಯಿತು. ಮೌಲಾಸಾಬ ತಂಗಿಯನ್ನು ಎತ್ತಿ ಒಳಗೆ, ಬಾಗಿಲಿದ್ದ ಗೋಡೆಯ ಎದುರು ಕೂರಿಸಿದ. ಅಡಿವೆಪ್ಪಣ್ಣ ಚಪ್ಪಲಿ ಮೆಟ್ಟಿ ನನ್ನ ಜೊತೆ ಹೊರಟರು. ದಾರಿಯಲ್ಲಿ ಪುರಸಭೆಯ ಗಾಡಿ ಎದುರಾಯಿತು. ಮೇಲೆ ಕಿತ್ತ ಬಾಗಿಲುಗಳು ಒಂದರ ಮೇಲೊಂದು ಮಲಗಿದ್ದವು. ಅದು ಮೇಲುಗೇರಿಯ ಕಡೆಗೇ ತಿರುಗುತ್ತಿತ್ತು. ಅಡಿವೆಪ್ಪಣ್ಣ ಹೆಜ್ಜೆ ಜೋರು ಮಾಡಿದರು, ನನಗೆ ಓಡಬೇಕಾಯಿತು.

ಜಗಲಿಯ ಯಂತ್ರದ ಮುಂದೆ ಅವರು ಕೂತರು, ನಾನು ಪಕ್ಕದಲ್ಲಿ ನಿಂತೆ. ಹೊಸ ಕೋಣೆ ಮಾಡುವ ಆಜ್ಞೆ ಎಂ ಕೆ, ಡಿ ಐ ಆರ್ ಎಂದು ಹೇಳಿಕೊಟ್ಟೆ. ಸ್ಟೇರಿಂಗ್ ಹಿಡಿದ ಬೆರಳುಗಳು, ಒಂದೊಂದು ಅಕ್ಷರಕ್ಕೂ ಹುಡುಕಾಡಿದವು. “ಎಲ್ಲಿಗೆ ಬಾಣ ಬರೀಲಿ?” ಎಂದು ಕೇಳಿದರು.

“ಇದಕ್ಕ ಬಾಣ ಇಲ್ಲರಿ. ಇದು ಎಲ್ಲಿಗೂ ಹೋಗೂದಿಲ್ಲ, ಇದ ಮೂಲ. ಹೆಸರು ಅಷ್ಟ ಬರೀರಿ.”

ಅವರು ಹೆಸರು ಬರೆದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಹೆಂಡತಿಯ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿರಲಿಲ್ಲ. ಬರೆಯುವಾಗ ಅವರ ತುಟಿ ಅಲುಗುತ್ತ ಆ ಹೆಸರನ್ನು ಹೇಳುತ್ತಿತ್ತು. ಕೊನೆಯ ಕೀಲಿ ಒತ್ತಿ ಕೈ ತೆಗೆದರು. ಪರದೆ ಏನೂ ಅನ್ನಲಿಲ್ಲ. ಕರಿ ಬಯಲಿನಲ್ಲಿ ಗೆರೆ ಮಿಟುಕುತ್ತಿತ್ತು, ಅಷ್ಟೆ.

“ಆತೇನ್ರಿ?” ಎಂದು ನನ್ನ ಮುಖ ನೋಡಿದರು. “ಏನೂ ಮಾತಾಡ್ವಲ್ದು.”

“ಸುಮ್ಮನೈತಿ ಅಂದ್ರ ಆತು ಅಂತ ಅರ್ಥ,” ಅಂದೆ. “ಇಂದ್ರವ್ವ ಇದನ್ನ ನೋಡಿ ತನ್ನಂಗ ಐತಿ ಅಂದಿದ್ಲು.”

ಅವರು ಪರದೆಯನ್ನು ನೋಡುತ್ತ ಕೂತರು. ನಾನು ಒಳಗೆ ಹೋಗಿ ನನ್ನ ಪರದೆ ನೋಡಿದೆ. ಕೆಂಪು ಒಂದೂ ಇರಲಿಲ್ಲ. ನನ್ನದು, ಜೈನಬಿಯದು, ಗುರುಶಾಂತನ ಮನೆಯದು, ಎಲ್ಲ ಹೆಸರುಗಳೂ ಎಂದಿನ ತಿಳಿನೀಲಿಗೆ ತಿರುಗಿದ್ದವು. ಮೇಲುಗೇರಿಯಲ್ಲಿ ಗಾಡಿಯವರು ಜೈನಬಿಯ ಬಾಗಿಲಿಗೆ ಹಾರೆ ಹಾಕಿದವರು, ಒಳಗೆ ಬೆಳಕು ಕಂಡು ಬಯ್ದುಕೊಂಡು ಇಳಿದರಂತೆ.

ಕಪಾಟಿನ ಪಕ್ಕದ ಬಾಗಿಲು ತೆಗೆದು, ಅಡಿವೆಪ್ಪಣ್ಣನ ತೋಳು ಹಿಡಿದು ಎಳೆದೆ. ಆ ಕೋಣೆಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಹೊಸ ಕೋಣೆ, ಬರೀ ನೆಲ, ಬರೀ ಗೋಡೆ. ಕೌದಿ ಇಲ್ಲ, ಬಟ್ಟೆಯ ಗಂಟಿಲ್ಲ, ಗೋಡೆಯ ಮೇಲೆ ಅವಳು ಸೂಜಿ ಚುಚ್ಚಿಡುತ್ತಿದ್ದ ಮೆತ್ತೆಯಿಲ್ಲ. ಹೋದದ್ದು ಹೋಗಿತ್ತು, ಅದನ್ನು ಯಾವ ಆಜ್ಞೆಯೂ ತರುವುದಿಲ್ಲ. ಆದರೆ ಮೂಡಣದ ಅಂಚು ಇರಬೇಕಾದ ಜಾಗದಲ್ಲಿ ಜೈನಬಿ ಆಗಲೇ ಕೂತಿದ್ದಳು. ಅಡಿವೆಪ್ಪಣ್ಣನ ಮನೆಯ ಬಾಗಿಲಿನಿಂದ ಸರಿದು ಬಂದಿದ್ದಳು. ನೋಡುತ್ತಿದ್ದಂತೆ ಒಂದೊಂದು ಬಾಗಿಲೂ ತೆರೆಯಿತು. ಒಬ್ಬಳು ಬಂದು ಬಾಯಿ ತೆರೆದು ನಿಂತಳು, ಒಬ್ಬಳು ತಿರುಗಿ ಓಡಿ ಹಳೆ ಸೀರೆಯ ಗಂಟು ತಂದಳು. ಅಡಿವೆಪ್ಪಣ್ಣ ಅವರೆಲ್ಲರ ನಡುವೆ ಕೈಮುಗಿದು ನಿಂತರು. ಜೈನಬಿ ಕೈ ಚಾಚಿ, “ಮೊದಲ್ನೇ ತುಂಡು ನೀ ಕೊಡು,” ಅಂದಳು. ಅವರು ಹೆಗಲ ಮೇಲಿನ ಹಳೆ ಖಾಕಿ ಟವೆಲನ್ನು ತೆಗೆದು ಕೊಟ್ಟರು, ಬಸ್ಸಿನ ದಿನಗಳದು. ಆಮೇಲೆ ತಮ್ಮ ಮನೆಯ ಬಾಗಿಲಿನಿಂದ ಹೊರಗೆ ಹೋಗಿ ಹೊರಸಿನ ಮೇಲೆ ಕೂತರು. ಬಾಗಿಲು ಮುಂದೆ ಮಾಡಲಿಲ್ಲ.

ನಾವು ಖಾಕಿಯನ್ನು ನಡುವೆ ಇಟ್ಟು ಸುತ್ತ ಬಟ್ಟೆ ಹರಡಿದೆವು. ಸೂಜಿಗಳು ಬಂದವು, ಮಾತೂ ಬಂತು, ಮೆಲ್ಲಗೆ ಶುರುವಾಗಿ ಗದ್ದಲವಾಯಿತು. ಕಣ್ಣು ತುಂಬಿದ್ದಕ್ಕೋ ಏನೋ ನನ್ನ ಹೊಲಿಗೆ ಎಲ್ಲೋ ಹೋಗುತ್ತಿತ್ತು. ಜೈನಬಿ ಅದನ್ನು ನೋಡಿದಳು. ದಾರದ ತುದಿಯನ್ನು ತುಟಿಯಲ್ಲಿ ಕಚ್ಚಿಕೊಂಡಳು. ಕತ್ತರಿ ಎತ್ತಿದಳು.

ಟಕ್, ಟಕ್.

ಹೊರಗೆ ಹೊರಸು ಕಿರುಗುಟ್ಟಿತು. ಆಮೇಲೆ ಗಂಟಲು ಸರಿಮಾಡಿಕೊಂಡ ಸದ್ದು.

“ಯಾರದು ತಪ್ಪು?”

“ನಂದರಿ ಅಡಿವೆಪ್ಪಣ್ಣ,” ಎಂದೆ ನಾನು, ಉಳಿದವರು ಕೂಗುವ ಮೊದಲೇ.